ಮಾನ್ಯತಾ ಕಾರ್ಡು ಇಲ್ಲದ ವರದಿಗಾರನನ್ನು ಠಾಣೆಗೆ ಕರೆದು ಕೂರಿಸಿದರೆ ಏನು ಮಾಡಬೇಕು?

ಕೆರೆಯಂಗಳ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನಾಲ್ಕು ವರ್ಷಗಳಿಂದ ಯೂಟ್ಯೂಬ್‌ನಲ್ಲಿ ಸ್ಥಳೀಯ ಸುದ್ದಿ ಮಾಡುತ್ತಿದ್ದೇನೆ. ಅದಕ್ಕೆ ಮೊದಲು ಜಿಲ್ಲಾ ಪತ್ರಿಕೆಯೊಂದಕ್ಕೆ ಸುದ್ದಿ ಕಳುಹಿಸುತ್ತಿದ್ದೆ. ಆ ಪತ್ರಿಕೆ ನಿಂತುಹೋದ ಮೇಲೆ ಸ್ವಂತವಾಗಿ ಶುರು ಮಾಡಿದೆ. ವಾರ್ತಾ ಇಲಾಖೆಯ ಮಾನ್ಯತಾ ಕಾರ್ಡು ನನ್ನಲ್ಲಿಲ್ಲ, ಯಾವ ಸಂಸ್ಥೆಯ ನೇಮಕಾತಿ ಪತ್ರವೂ ಇಲ್ಲ.

ಕಳೆದ ತಿಂಗಳು ಹತ್ತಿರದ ಹಳ್ಳಿಯೊಂದರಲ್ಲಿ ಉದ್ಯೋಗ ಖಾತರಿಯ ಕೆರೆ ಹೂಳೆತ್ತುವ ಕೆಲಸವನ್ನು ಬೆಳಗಿನ ಜಾವ ಜೆಸಿಬಿಯಿಂದ ಮಾಡಿಸುತ್ತಿದ್ದುದನ್ನು ಚಿತ್ರೀಕರಿಸಿದೆ. ಹಾಜರಿ ಪಟ್ಟಿಯಲ್ಲಿ ಹೆಸರಿದ್ದ ಇಬ್ಬರು ಹೆಂಗಸರು ತಾವು ಆ ಕೆರೆಗೆ ಕಾಲೇ ಇಟ್ಟಿಲ್ಲವೆಂದು ಕ್ಯಾಮೆರಾದ ಮುಂದೆ ಹೇಳಿದರು. ವಿಡಿಯೊ ಹಾಕಿದ ಮೂರನೆಯ ದಿನ ಪೇದೆಯೊಬ್ಬರು ಫೋನು ಮಾಡಿ, "ಸಾಹೇಬರು ಕರೆಯುತ್ತಿದ್ದಾರೆ, ಐದು ನಿಮಿಷ ಬಂದು ಹೋಗಿ" ಎಂದರು. ಬೆಳಿಗ್ಗೆ ಹತ್ತೂವರೆಗೆ ಹೋದವನನ್ನು ರಾತ್ರಿ ಎಂಟರವರೆಗೆ ಬೆಂಚಿನ ಮೇಲೆ ಕೂರಿಸಿದರು. ಹೋದ ಕೂಡಲೇ ಫೋನನ್ನು ತೆಗೆದುಕೊಂಡು ಮೇಜಿನ ಡ್ರಾಯರಿನೊಳಗೆ ಹಾಕಿದರು. ಮಧ್ಯಾಹ್ನದಿಂದ ನನ್ನ ಹೆಂಡತಿ ಮಾಡುತ್ತಿದ್ದ ಕರೆಗಳಿಗೆ ಅದು ಮರದೊಳಗೆ ಗುರುಗುಡುತ್ತಿದ್ದುದು ನನಗೆ ಕೇಳುತ್ತಲೇ ಇತ್ತು. ಒಮ್ಮೆ ಎದ್ದು ನಿಂತು ಫೋನು ಕೇಳಿದ್ದಕ್ಕೆ ಕಪಾಳಕ್ಕೆ ಬಿತ್ತು. ಕೊನೆಗೆ, ಇನ್ನು ಮುಂದೆ ಸರ್ಕಾರಿ ಕಾಮಗಾರಿಯ ಸ್ಥಳಕ್ಕೆ ಅನುಮತಿ ಇಲ್ಲದೆ ಹೋಗುವುದಿಲ್ಲ ಎಂಬ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಫೋನು ಕೊಡಲಿಲ್ಲ, ಅದಕ್ಕೆ ರಸೀದಿಯನ್ನೂ ಕೊಡಲಿಲ್ಲ.

ಎರಡು ದಿನ ಬಿಟ್ಟು ಹೆಂಡತಿಯ ವಾಟ್ಸಾಪ್‌ಗೆ ಒಂದು ನೋಟಿಸಿನ ಚಿತ್ರ ಬಂತು. ಸರ್ಕಾರಿ ನೌಕರರ ಕರ್ತವ್ಯಕ್ಕೆ ಅಡ್ಡಿ, ಹಲ್ಲೆ ಎಂದು ಭಾರತೀಯ ನ್ಯಾಯ ಸಂಹಿತೆಯ 132 ಮತ್ತು 221ನೇ ಕಲಂಗಳ ಅಡಿಯಲ್ಲಿ ಪ್ರಕರಣ ದಾಖಲಾಗಿದೆಯಂತೆ. ನಾನು ಯಾರ ಮೈಯನ್ನೂ ಮುಟ್ಟಿಲ್ಲ. ಈಗ ಫೋನಿನ ಪಾಸ್‌ವರ್ಡ್ ಕೇಳುತ್ತಿದ್ದಾರೆ; ಇನ್ನೂ ಹೇಳಿಲ್ಲ. ಹಾಜರಿ ಪಟ್ಟಿಯ ಫೋಟೊ ಕಳುಹಿಸಿಕೊಟ್ಟವರ ಸಂದೇಶಗಳು ಅದರಲ್ಲಿವೆ, ನನ್ನ ನಿಜವಾದ ಭಯ ಅದು.

ಊರಿನ ಪತ್ರಕರ್ತ ಮಿತ್ರರೊಬ್ಬರು, "ನಿನಗೆ ಕಾರ್ಡಿಲ್ಲ, ಕಾನೂನಿನ ಕಣ್ಣಿನಲ್ಲಿ ನೀನು ಪತ್ರಕರ್ತನೇ ಅಲ್ಲ" ಎನ್ನುತ್ತಾರೆ. ಇದು ನಿಜವೇ? ನನ್ನಂಥವರಿಗೆ ಯಾವ ರಕ್ಷಣೆ ಇದೆ? ತಿಳಿದವರು ದಯವಿಟ್ಟು ಬರೆಯಿರಿ.

ವಾದಪತ್ರ

ನಾನು ಹದಿನೇಳು ವರ್ಷಗಳಿಂದ ಕ್ರಿಮಿನಲ್ ಪ್ರಕರಣಗಳನ್ನು ನಡೆಸುತ್ತಿರುವ ವಕೀಲೆ. ನಿಮ್ಮ ಕಾಗದಪತ್ರ ನೋಡದೆ ಸಲಹೆ ಕೊಡುವುದಕ್ಕೆ ಮಿತಿಯಿದೆ, ಆದರೂ ಕೆಲವು ವಿಷಯಗಳನ್ನು ಖಚಿತವಾಗಿ ಹೇಳಬಹುದು.

ಮೊದಲು ಕಾರ್ಡಿನ ಮಾತು. ನಮ್ಮ ಸಂವಿಧಾನದಲ್ಲಿ ಪತ್ರಿಕೆಗೆಂದು ಪ್ರತ್ಯೇಕ ಸ್ವಾತಂತ್ರ್ಯವಿಲ್ಲ. 19(1)(ಎ) ವಿಧಿಯು ಪ್ರತಿಯೊಬ್ಬ ನಾಗರಿಕನಿಗೂ ಕೊಟ್ಟಿರುವ ಅಭಿವ್ಯಕ್ತಿ ಸ್ವಾತಂತ್ರ್ಯದಿಂದಲೇ ಪತ್ರಿಕಾ ಸ್ವಾತಂತ್ರ್ಯವೂ ಬಂದಿದೆ. ಮಾನ್ಯತಾ ಕಾರ್ಡು ವಿಧಾನಸೌಧದ ಬಾಗಿಲಲ್ಲಿ, ಬಸ್ ಪಾಸಿಗೆ, ಪತ್ರಿಕಾಗೋಷ್ಠಿಯ ಕುರ್ಚಿಗೆ ಉಪಯೋಗಕ್ಕೆ ಬರುತ್ತದೆ. ಕೆರೆ ಏರಿಯ ಮೇಲೆ ನಿಂತು ಸಾರ್ವಜನಿಕ ಹಣದ ಕೆಲಸವನ್ನು ಚಿತ್ರೀಕರಿಸುವುದಕ್ಕೆ ಅದು ಬೇಕಾಗಿಲ್ಲ. ಆದರೆ ನಿಮ್ಮ ಮಿತ್ರರ ಮಾತಿನಲ್ಲಿ ಒಂದಂಶ ನಿಜವಿದೆ: 1978ರ ಕಾಯ್ದೆಯ ಪ್ರಕಾರ ರಚನೆಯಾದ ಭಾರತೀಯ ಪತ್ರಿಕಾ ಮಂಡಳಿಯ ವ್ಯಾಪ್ತಿ ಪತ್ರಿಕೆ ಮತ್ತು ಸುದ್ದಿಸಂಸ್ಥೆಗಳಿಗೆ ಸೀಮಿತ, ಯೂಟ್ಯೂಬ್ ಅದರೊಳಗೆ ಬರುವುದಿಲ್ಲ. ಸುದ್ದಿಮೂಲವನ್ನು ಬಹಿರಂಗಪಡಿಸುವಂತೆ ಬಲವಂತ ಮಾಡಬಾರದೆಂದು ಆ ಕಾಯ್ದೆಯ 15ನೇ ಕಲಂ ಹೇಳುವುದೂ ಮಂಡಳಿಯ ಎದುರಿನ ವಿಚಾರಣೆಗೆ ಮಾತ್ರ ಅನ್ವಯಿಸುತ್ತದೆ. ಠಾಣೆಯಲ್ಲಿಯೂ ಕೋರ್ಟಿನಲ್ಲಿಯೂ ಸುದ್ದಿಮೂಲವನ್ನು ಕಾಪಾಡುವ ಪ್ರತ್ಯೇಕ ಕಾನೂನು ಈ ದೇಶದಲ್ಲಿ ಕಾರ್ಡು ಇದ್ದವರಿಗೂ ಇಲ್ಲ.

ಇನ್ನು ನಿಮ್ಮನ್ನು ಕೂರಿಸಿದ್ದು. ಸಾಕ್ಷಿಯಾಗಿ ಕರೆಯುವುದಾದರೆ, ಪೊಲೀಸರೂ ಕೋರ್ಟುಗಳೂ ಅನುಸರಿಸಬೇಕಾದ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಪ್ರಕಾರ, ಆರೋಪಿಯಾಗಿ ಕರೆಯುವುದಾದರೆ 35(3)ರ ಪ್ರಕಾರ, ಎರಡಕ್ಕೂ ಲಿಖಿತ ನೋಟಿಸು ಬೇಕು. "ಐದು ನಿಮಿಷ ಬಂದು ಹೋಗಿ" ಎನ್ನುವುದಕ್ಕೆ ಯಾವ ಕಲಂ ಕೂಡ ಇಲ್ಲ. ವಾಟ್ಸಾಪಿನಲ್ಲಿ 35ನೇ ಕಲಂ ನೋಟಿಸು ಕಳುಹಿಸಬಾರದೆಂದು ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಸ್ಪಷ್ಟವಾಗಿ ನಿರ್ದೇಶಿಸಿದೆ. ಹಾಗೆಂದು ನೋಟಿಸನ್ನು ಕಡೆಗಣಿಸಿ ಮನೆಯಲ್ಲಿ ಕೂರಬೇಡಿ. ಕ್ರಮಬದ್ಧ ನೋಟಿಸು ಕೊಟ್ಟರೆ ಹಾಜರಾಗಲು ಸಿದ್ಧನಿದ್ದೇನೆಂದು ರಿಜಿಸ್ಟರ್ಡ್ ಅಂಚೆಯಲ್ಲಿ ಉತ್ತರಿಸಿ. 132ನೇ ಕಲಂಗೆ ಗರಿಷ್ಠ ಎರಡು ವರ್ಷ, 221ಕ್ಕೆ ಮೂರು ತಿಂಗಳು ಶಿಕ್ಷೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದೆಂಬುದು 2014ರ ಅರ್ನೇಶ್ ಕುಮಾರ್ ತೀರ್ಪಿನಿಂದ ಇರುವ ನಿಯಮ. ಆದರೆ 132 ಜಾಮೀನುರಹಿತ ಕಲಂ. ಎದುರಿಗಿದ್ದವನು ಕೈ ಎತ್ತಿದನೆಂದು ಒಂದು ಸಾಲು ಸೇರಿಸಿದರೆ ಸಾಕು, ಸಣ್ಣ ವಾಗ್ವಾದವೂ ಜಾಮೀನುರಹಿತ ಪ್ರಕರಣವಾಗುತ್ತದೆ. ಆ ಕಲಂ ಅಷ್ಟು ಜನಪ್ರಿಯವಾಗಿರುವುದಕ್ಕೆ ಕಾರಣ ಇದೇ ಎಂದು ನನ್ನ ಅನುಭವ. ಆದ್ದರಿಂದ ನಿರೀಕ್ಷಣಾ ಜಾಮೀನಿನ ಅರ್ಜಿಯನ್ನು ತಡಮಾಡದೆ ಹಾಕಿಸಿ. 221ನೇ ಕಲಂಗೆ ಸಂಬಂಧಿಸಿದಂತೆ ಇನ್ನೊಂದು ಮಾತು: ಆ ನೌಕರರೋ ಅವರ ಮೇಲಧಿಕಾರಿಯೋ ನ್ಯಾಯಾಲಯಕ್ಕೆ ಲಿಖಿತ ದೂರು ಕೊಡದ ಹೊರತು ನ್ಯಾಯಾಲಯ ಅದನ್ನು ವಿಚಾರಣೆಗೆ ಅಂಗೀಕರಿಸುವಂತಿಲ್ಲ. ಪೊಲೀಸರ ಆರೋಪಪಟ್ಟಿಯೊಂದೇ ಸಾಲದು.

ಫೋನಿನ ವಿಚಾರವೇ ಇಲ್ಲಿ ಮುಖ್ಯವಾದದ್ದು. ಜಪ್ತಿ ಮಾಡುವಾಗ ಅದನ್ನು ವಿಡಿಯೊ ಚಿತ್ರೀಕರಿಸಿ, ಪಟ್ಟಿ ತಯಾರಿಸಿ, ಪಂಚರ ಸಹಿ ಹಾಕಿಸಿ, ಆ ಚಿತ್ರಣವನ್ನು ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಹೇಳುತ್ತದೆ. ಡ್ರಾಯರಿಗೆ ಹಾಕಿಕೊಂಡದ್ದು ಜಪ್ತಿಯಲ್ಲ. 2021ರ ಮಾರ್ಚ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ವೀರೇಂದ್ರ ಖನ್ನಾ ಪ್ರಕರಣದಲ್ಲಿ ಫೋನು, ಕಂಪ್ಯೂಟರುಗಳನ್ನು ವಶಪಡಿಸಿಕೊಳ್ಳುವ ಬಗೆಯನ್ನು ವಿವರವಾಗಿ ಬರೆದಿದೆ. ಹೊರಗಿನ ಸಂಕೇತ ತಲುಪದಂತೆ ಫ್ಯಾರಡೆ ಚೀಲದಲ್ಲಿಡಬೇಕು ಎಂಬಲ್ಲಿಯವರೆಗೆ. ನೀವು ಪಾಸ್‌ವರ್ಡ್ ಕೊಡದಿದ್ದರೆ ತನಿಖಾಧಿಕಾರಿ ನ್ಯಾಯಾಲಯಕ್ಕೆ ಹೋಗಬೇಕು, ಬೆದರಿಸಿ ಪಡೆಯುವಂತಿಲ್ಲ. ಆದರೆ ಪಾಸ್‌ವರ್ಡ್ ಹೇಳುವುದು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಂತಾಗುವುದಿಲ್ಲ ಎಂದೂ ಅದೇ ತೀರ್ಪು ಹೇಳಿರುವುದರಿಂದ, ನ್ಯಾಯಾಲಯದ ಆದೇಶ ಬಂದರೆ ನಿಮ್ಮ ನೆಲೆ ದುರ್ಬಲವಾಗುತ್ತದೆ ಎಂಬುದನ್ನು ಮುಚ್ಚಿಡಲಾರೆ. ಹಾಗಾಗಿ ಆದೇಶ ಬರುವ ಮೊದಲೇ, ಜಪ್ತಿಯೇ ಕ್ರಮಬದ್ಧವಾಗಿಲ್ಲ, ಅದರಲ್ಲಿರುವುದು ಮೂರನೆಯವರ ಖಾಸಗಿ ಮಾಹಿತಿ ಎಂದು ವಾದಿಸಿ, ಅದೇ ಸುರಕ್ಷಾ ಸಂಹಿತೆಯ 503ನೇ ಕಲಂ ಅಡಿ ಫೋನನ್ನು ಮರಳಿ ಕೊಡಿಸುವಂತೆ ನಿಮ್ಮ ಜೆಎಂಎಫ್‌ಸಿ ನ್ಯಾಯಾಲಯದಲ್ಲಿ ಅರ್ಜಿ ಹಾಕಿಸಿ.

ಕಪಾಳಕ್ಕೆ ಹೊಡೆದುದಕ್ಕೆ ಅಂದೇ ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿದ್ದರೆ ಒಳ್ಳೆಯದಿತ್ತು. ಈಗ ಉಳಿದಿರುವ ಸಾಕ್ಷಿ ಠಾಣೆಯ ಸಿಸಿಟಿವಿ. ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು ಕನಿಷ್ಠ ಒಂದು ವರ್ಷ ಕಾಪಾಡಬೇಕು ಎಂದು ಸುಪ್ರೀಂ ಕೋರ್ಟು 2020ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ಆ ದಿನಾಂಕದ, ಆ ಹೊತ್ತಿನ ದೃಶ್ಯವನ್ನು ಅಳಿಸದೆ ಇಡಬೇಕೆಂದು ಎಸ್‌ಪಿ ಕಚೇರಿಗೆ ಇಂದೇ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಕ್ಯಾಮೆರಾ ಕೆಟ್ಟಿತ್ತು ಎಂಬ ಹಿಂಬರಹ ಬರಬಹುದು. ಬರಲಿ, ಅದನ್ನೂ ಜೋಪಾನವಾಗಿಡಿ.

ಹಳೇ ಡೆಸ್ಕು

ವಕೀಲ ಮೇಡಂ ಬರೆದ ಮೇಲೆ ಕಾನೂನಿನ ಬಗ್ಗೆ ನಾನು ಸೇರಿಸುವುದೇನೂ ಇಲ್ಲ. ಮೂವತ್ತೊಂದು ವರ್ಷ ಪತ್ರಿಕೆಗಳ ಸುದ್ದಿಮೇಜಿನಲ್ಲಿ ಕೂತು ಇಂಥ ಸುದ್ದಿಗಳನ್ನು ತಿದ್ದಿದವನಾಗಿ, ನಿಮ್ಮ ಮುಂದೆ ನಡೆದುಹೋದವರ ಕಥೆಯನ್ನಷ್ಟೇ ಹೇಳುತ್ತೇನೆ.

ನಿಮ್ಮ ಪ್ರಕರಣ ಓದಿದ ಕೂಡಲೇ ನೆನಪಾದದ್ದು ಉತ್ತರ ಪ್ರದೇಶದ ಮಿರ್ಜಾಪುರ. 2019ರ ಆಗಸ್ಟ್‌ನಲ್ಲಿ ಅಲ್ಲಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಮಕ್ಕಳು ಬಿಸಿಯೂಟದ ಹೆಸರಿನಲ್ಲಿ ರೊಟ್ಟಿಗೆ ಉಪ್ಪು ನೆಂಚಿಕೊಂಡು ತಿನ್ನುತ್ತಿದ್ದುದನ್ನು ಸ್ಥಳೀಯ ಹಿಂದಿ ಪತ್ರಿಕೆಯೊಂದರ ವರದಿಗಾರ ಪವನ್ ಜೈಸ್ವಾಲ್ ಮೊಬೈಲಿನಲ್ಲಿ ಚಿತ್ರೀಕರಿಸಿದರು. ಮೊದಲು ಶಾಲೆಯವರ ಮೇಲೆ ಕ್ರಮವಾಯಿತು; ಹತ್ತು ದಿನಗಳೊಳಗೆ ಪಿತೂರಿ, ವಂಚನೆ, ಕರ್ತವ್ಯಕ್ಕೆ ಅಡ್ಡಿ ಎಂದು ವರದಿಗಾರನ ಮೇಲೆಯೇ ಎಫ್‌ಐಆರ್ ಆಯಿತು. ಮುದ್ರಣ ಮಾಧ್ಯಮದವನಾಗಿದ್ದು ಫೋಟೊ ತೆಗೆಯುವುದು ಬಿಟ್ಟು ವಿಡಿಯೊ ಏಕೆ ಮಾಡಿದ ಎಂಬುದು ಜಿಲ್ಲಾಧಿಕಾರಿಯ ವಾದವಾಗಿತ್ತು. ನಿಮಗೆ ಕಾರ್ಡಿಲ್ಲ ಎನ್ನುತ್ತಾರೆ, ಅವರಿಗೆ ಕಾರ್ಡು ತಪ್ಪು ಬಣ್ಣದ್ದು ಎಂದರು, ಅಷ್ಟೇ ವ್ಯತ್ಯಾಸ. ದೇಶದಾದ್ಯಂತ ಗದ್ದಲವಾಯಿತು, ಪತ್ರಿಕಾ ಮಂಡಳಿ ತಾನಾಗಿಯೇ ವಿಚಾರಣೆಗೆ ತೆಗೆದುಕೊಂಡಿತು, ಡಿಸೆಂಬರ್ ಹೊತ್ತಿಗೆ ಪೊಲೀಸರೇ ಅವರ ತಪ್ಪಿಲ್ಲವೆಂದರು. 2022ರ ಮೇ ತಿಂಗಳಲ್ಲಿ ಪವನ್ ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡರು. ಕೊನೆಯ ದಿನಗಳಲ್ಲಿ ಚಿಕಿತ್ಸೆಗೆ ಹಣವಿಲ್ಲದೆ ಸಾಮಾಜಿಕ ಜಾಲತಾಣದಲ್ಲಿ ನೆರವು ಕೇಳಬೇಕಾಗಿ ಬಂದಿತ್ತು.

ಉತ್ತರದ ಕಥೆ ಎಂದು ನಾವು ಬೆನ್ನು ತಟ್ಟಿಕೊಳ್ಳುವಂತಿಲ್ಲ. 2012ರ ಜುಲೈ 28ರಂದು ಮಂಗಳೂರಿನ ಪಡೀಲಿನ ಹೋಂಸ್ಟೇ ಮೇಲೆ ನಡೆದ ದಾಳಿಯನ್ನು ಚಿತ್ರೀಕರಿಸಿ ನಾಡಿಗೆ ತೋರಿಸಿದವರು ಕಸ್ತೂರಿ ವಾಹಿನಿಯ ನವೀನ್ ಸೂರಿಂಜೆ. ದಾಳಿ ಮಾಡಿದವರ ಮುಖಗಳು ಜನರಿಗೆ ಕಂಡದ್ದು ಅಂಥ ದೃಶ್ಯಗಳಿಂದ. ಆದರೆ ಪೊಲೀಸರು ಅದೇ ಪ್ರಕರಣದಲ್ಲಿ ಅವರನ್ನೂ ಆರೋಪಿಯನ್ನಾಗಿಸಿ ನವೆಂಬರಿನಲ್ಲಿ ಬಂಧಿಸಿದರು. ಪೊಲೀಸರಿಗೆ ಫೋನು ಮಾಡಲು ಯತ್ನಿಸಿದ್ದೆನೆಂದು ಅವರು ಹೇಳುತ್ತಲೇ ಇದ್ದರು. ಡಿಸೆಂಬರಿನಲ್ಲಿ ಹೈಕೋರ್ಟು ಜಾಮೀನು ನಿರಾಕರಿಸಿತು. ಜನವರಿಯಲ್ಲಿ ರಾಜ್ಯ ಸಚಿವ ಸಂಪುಟವೇ ಅವರ ಮೇಲಿನ ಮೊಕದ್ದಮೆ ಹಿಂಪಡೆಯಲು ತೀರ್ಮಾನಿಸಿದರೂ ಅವರು ಹೊರಬಂದದ್ದು ಹೈಕೋರ್ಟು ಜಾಮೀನು ಕೊಟ್ಟ 2013ರ ಮಾರ್ಚಿನಲ್ಲಿ. ಅವರ ಹಿಂದೆ ಒಂದು ವಾಹಿನಿಯಿತ್ತು, ಹೋರಾಟ ಮಾಡುವ ಗೆಳೆಯರಿದ್ದರು. ಆದರೂ ನಾಲ್ಕು ತಿಂಗಳು ಹಿಡಿಯಿತು. ಪೊಲೀಸರನ್ನಷ್ಟೇ ದೂರುವಂತೆಯೂ ಇಲ್ಲ ಬಿಡಿ. 2017ರ ಜೂನ್‌ನಲ್ಲಿ ನಮ್ಮ ವಿಧಾನಸಭೆಯೇ ಹಕ್ಕುಚ್ಯುತಿಯ ಹೆಸರಿನಲ್ಲಿ ಇಬ್ಬರು ಪತ್ರಿಕಾ ಸಂಪಾದಕರಿಗೆ ಒಂದು ವರ್ಷ ಸೆರೆವಾಸ, ಹತ್ತು ಸಾವಿರ ರೂಪಾಯಿ ದಂಡ ವಿಧಿಸಿತ್ತು.

ನಿಮ್ಮಂತೆ ಸಂಬಳವಿಲ್ಲದೆ ಬರೆಯುವವರ ಪೈಕಿ ಮನ್‌ದೀಪ್ ಪುನಿಯಾ ಅವರದನ್ನು ಹೇಳಲೇಬೇಕು. ರೈತರ ಚಳವಳಿಯ ಸಮಯದಲ್ಲಿ, 2021ರ ಜನವರಿ 30ರ ಸಂಜೆ ಸಿಂಘು ಗಡಿಯಲ್ಲಿ ಅವರನ್ನು ದೆಹಲಿ ಪೊಲೀಸರು ಎಳೆದೊಯ್ದರು. ಸರ್ಕಾರಿ ನೌಕರರ ಮೇಲೆ ಹಲ್ಲೆ, ಕರ್ತವ್ಯಕ್ಕೆ ಅಡ್ಡಿ ಎಂಬ ನಿಮ್ಮ ಮೇಲಿರುವಂಥದ್ದೇ ಆರೋಪ. ತಿಹಾರ್ ಜೈಲಿನಲ್ಲಿ ಬಂಧಿತ ರೈತರನ್ನು ಮಾತನಾಡಿಸಿ, ಅವರು ಹೇಳಿದ್ದನ್ನು ತಮ್ಮ ಕಾಲಿನ ಮೇಲೆಯೇ ಪೆನ್ನಿನಿಂದ ಬರೆದುಕೊಂಡು ಹೊರಬಂದರು. ಫೆಬ್ರುವರಿ 2ರಂದು ಜಾಮೀನು ಕೊಡುವಾಗ ಮ್ಯಾಜಿಸ್ಟ್ರೇಟರು ಗಮನಿಸಿದ ಸಂಗತಿಯನ್ನು ನಿಮ್ಮ ವಕೀಲರಿಗೆ ತಪ್ಪದೆ ತಿಳಿಸಿ: ಆ ಪ್ರಕರಣದಲ್ಲಿ ದೂರುದಾರರೂ ಪೊಲೀಸರೇ, ಪೆಟ್ಟು ತಿಂದವರೂ ಪೊಲೀಸರೇ, ಸಾಕ್ಷಿಗಳೂ ಪೊಲೀಸರೇ ಆಗಿದ್ದರು.

ಪಂಚಾಯ್ತಿ ಕಟ್ಟೆ

ಎಲ್ಲರೂ ಒಂದೇ ಕಡೆಯಿಂದ ಬರೆಯುತ್ತಿರುವುದರಿಂದ ಇನ್ನೊಂದು ಕಡೆಯನ್ನು ಹೇಳಬಯಸುತ್ತೇನೆ. ನಾನು ಗ್ರಾಮ ಪಂಚಾಯ್ತಿಯೊಂದರಲ್ಲಿ ಕೆಲಸ ಮಾಡುವವನು. ಬೈಕಿನ ಮೇಲೆ "ಪ್ರೆಸ್" ಎಂದು ಬರೆಸಿಕೊಂಡು, ಕೈಯಲ್ಲಿ ಲೋಗೊ ಇರುವ ಮೈಕು ಹಿಡಿದು ಬಂದು, ವಿಡಿಯೊ ಹಾಕಬಾರದೆಂದರೆ ಇಷ್ಟು ಕೊಡಿ ಎನ್ನುವವರನ್ನು ನಾವು ತಿಂಗಳಿಗೊಬ್ಬರನ್ನಾದರೂ ನೋಡುತ್ತೇವೆ. ನಮ್ಮ ಸಹೋದ್ಯೋಗಿಯೊಬ್ಬರು ತಪ್ಪೇ ಇಲ್ಲದ ಕಾಮಗಾರಿಗೆ ಐದು ಸಾವಿರ ಕೊಟ್ಟು ಕೈ ತೊಳೆದುಕೊಂಡರು. ಕೆರೆಯಂಗಳದವರು ಅಂಥವರೆಂದು ನಾನು ಹೇಳುತ್ತಿಲ್ಲ. ಆದರೆ ಯಾರು ಬೇಕಾದರೂ ಪತ್ರಕರ್ತರಾಗಬಹುದಾದರೆ, ನಮ್ಮಂಥ ಕೆಳಗಿನ ನೌಕರರು ಯಾರನ್ನು ನಂಬಬೇಕು? ಒಂದು ನೋಂದಣಿ ವ್ಯವಸ್ಥೆ ಇರಬಾರದೇ?

ವಾದಪತ್ರ

ನಿಮ್ಮ ಸಂಕಟ ನಿಜವಾದದ್ದು, ಅಂಥ ಪ್ರಕರಣಗಳಲ್ಲಿ ನಾನು ನೌಕರರ ಪರವಾಗಿಯೂ ನಿಂತಿದ್ದೇನೆ. ಹಣ ಕೇಳುವುದು ಸುಲಿಗೆ. ಅದಕ್ಕೆ ನ್ಯಾಯ ಸಂಹಿತೆಯ 308ನೇ ಕಲಂ ಇದೆ, ಕೇಳಿದವನ ಕೊರಳಲ್ಲಿ ಮಾನ್ಯತಾ ಕಾರ್ಡು ಇದ್ದರೂ ಅದು ಅನ್ವಯಿಸುತ್ತದೆ. ಕರೆಯನ್ನು ರೆಕಾರ್ಡ್ ಮಾಡಿಕೊಂಡು ದೂರು ಕೊಡಿ. ಆದರೆ ಈ ಪ್ರಕರಣದಲ್ಲಿ ಸುಲಿಗೆಯ ಆರೋಪವನ್ನು ಪೊಲೀಸರೂ ಮಾಡಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ನೋಂದಣಿಯ ಬಗ್ಗೆ ನನ್ನ ಅಭಿಪ್ರಾಯ ಬೇರೆ: ಪಟ್ಟಿಯನ್ನು ಇಟ್ಟುಕೊಳ್ಳುವವರು, ಯಾರ ಹೆಸರನ್ನು ತೆಗೆಯಬೇಕೆಂದು ನಿರ್ಧರಿಸುವವರು ಯಾರೆಂದು ಯೋಚಿಸಿ. ಕಾಮಗಾರಿಯ ಹಾಜರಿ ಪಟ್ಟಿಯನ್ನು ಕಚೇರಿಯ ಗೋಡೆಗೆ ಅಂಟಿಸಿಟ್ಟರೆ ಸುಳ್ಳು ಪ್ರೆಸ್ಸಿನವನಿಗೆ ಬೆದರಿಸಲು ಏನೂ ಉಳಿಯುವುದಿಲ್ಲ.

ಹಳೇ ಡೆಸ್ಕು

ಇನ್ನೊಂದು ಮಾತು ಬಿಟ್ಟುಹೋಗಿತ್ತು. ಕೆರೆಯಂಗಳದವರೇ, ಜಾಮೀನುದಾರರನ್ನು ಈಗಲೇ ಹುಡುಕಿಟ್ಟುಕೊಳ್ಳಿ. ಮಲಯಾಳಂ ಸುದ್ದಿತಾಣಕ್ಕೆ ಬರೆಯುತ್ತಿದ್ದ ಸಿದ್ದೀಕ್ ಕಪ್ಪನ್ ಹಾಥರಸಿನ ಅತ್ಯಾಚಾರ ಪ್ರಕರಣದ ವರದಿಗೆಂದು ಹೊರಟವರನ್ನು 2020ರ ಅಕ್ಟೋಬರ್ 5ರಂದು ಮಥುರಾದಲ್ಲಿ ತಡೆದು ಬಂಧಿಸಿದರು, ಆಮೇಲೆ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯನ್ನು (ಯುಎಪಿಎ) ಹೇರಿದರು. 2022ರ ಸೆಪ್ಟೆಂಬರ್ 9ರಂದು ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತು. ಆದರೆ ಕೇರಳದ ಆ ಮನುಷ್ಯನಿಗೆ ಉತ್ತರ ಪ್ರದೇಶದಲ್ಲಿ ಸ್ಥಳೀಯ ಜಾಮೀನುದಾರರು ಬೇಕಿತ್ತು, ಹೆಸರು ಕೇಳಿದರೆ ಯಾರೂ ಮುಂದೆ ಬರುತ್ತಿರಲಿಲ್ಲ. ಕೊನೆಗೆ ಲಖನೌ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ, ಎಂಬತ್ತರ ಆಸುಪಾಸಿನ ರೂಪರೇಖಾ ವರ್ಮಾ, ಪರಿಚಯವೇ ಇಲ್ಲದ ಅವರಿಗಾಗಿ ತಮ್ಮ ಕಾರಿನ ಕಾಗದಪತ್ರಗಳನ್ನು ಒತ್ತೆಯಿಟ್ಟು ಸಹಿ ಹಾಕಿದರು. ಹಣ ಅಕ್ರಮ ವರ್ಗಾವಣೆಯ ಇನ್ನೊಂದು ಪ್ರಕರಣದಲ್ಲಿಯೂ ಜಾಮೀನು ಸಿಕ್ಕಿ ಕಪ್ಪನ್ ಹೊರಬಂದದ್ದು 2023ರ ಫೆಬ್ರುವರಿ 2ರಂದು. ನಿಮ್ಮದು ಅಷ್ಟು ದೂರ ಹೋಗುವ ಪ್ರಕರಣವಲ್ಲ. ಆದರೂ ಶನಿವಾರ ಸಂಜೆ ಬಂಧಿಸಿದರೆ ಭಾನುವಾರ ಪಹಣಿ ಹಿಡಿದು ಬರುವವರು ಯಾರು ಎಂಬ ಪ್ರಶ್ನೆಗೆ ಇಂದೇ ಉತ್ತರ ಇಟ್ಟುಕೊಳ್ಳುವುದು ಒಳ್ಳೆಯದು. ಪತ್ರಿಕೆಯಲ್ಲಿದ್ದವನಿಗೆ ಆ ಕೆಲಸವನ್ನು ಕಚೇರಿಯ ಮ್ಯಾನೇಜರು ಮಾಡುತ್ತಿದ್ದರು. ನಿಮಗಿಲ್ಲದ್ದು ಆ ಮ್ಯಾನೇಜರು, ಕಾರ್ಡಲ್ಲ.

ವಾದಪತ್ರ

ಅದಕ್ಕೆ ಪೂರಕವಾಗಿ ಒಂದು ಮಾತು ಸೇರಿಸುತ್ತೇನೆ. ಬಂಧನವೇ ಆದರೆ, ಬಂಧನದ ಕಾರಣಗಳನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಇದನ್ನು ಎಲ್ಲ ಅಪರಾಧಗಳಿಗೂ ಅನ್ವಯಿಸಿದೆ. 2024ರ ಮೇ 15ರಂದು ನ್ಯೂಸ್‌ಕ್ಲಿಕ್ ಸುದ್ದಿತಾಣದ ಸಂಪಾದಕ ಪ್ರಬೀರ್ ಪುರಕಾಯಸ್ಥ ಅವರ ಬಂಧನ ಅಸಿಂಧುವಾದದ್ದು ಈ ಒಂದು ಕಾಗದ ಕೊಟ್ಟಿರಲಿಲ್ಲ ಎಂಬ ಕಾರಣಕ್ಕೇ. ಕಸ್ಟಡಿಯಲ್ಲಿರುವ ಯಾರಿಗೇ ಆದರೂ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ನಿಮ್ಮ ಹೆಂಡತಿಯವರಿಗೆ 15100 ಸಂಖ್ಯೆಯನ್ನು, ತಾಲ್ಲೂಕು ಕಾನೂನು ಸೇವಾ ಸಮಿತಿ ನ್ಯಾಯಾಲಯದ ಯಾವ ಕೋಣೆಯಲ್ಲಿದೆ ಎಂಬುದನ್ನು ಹೇಳಿಕೊಟ್ಟಿರಿ. ನಿಮ್ಮ ಫೋನು ಡ್ರಾಯರಿನಲ್ಲಿದ್ದಾಗ ಓಡಾಡಬೇಕಾದವರು ಅವರೇ.

ಕೆರೆಯಂಗಳ

ಎಲ್ಲರಿಗೂ ಋಣಿ. ಮೂರು ವಾರಗಳಲ್ಲಿ ಆದದ್ದನ್ನು ತಿಳಿಸುತ್ತೇನೆ.

ಎಸ್‌ಪಿ ಕಚೇರಿಯಲ್ಲಿ ಸಿಸಿಟಿವಿ ಅರ್ಜಿಗೆ ಮೊಹರು ಹಾಕಲು ಗುಮಾಸ್ತರು ಮೊದಲು ಒಪ್ಪಲಿಲ್ಲ. ಅದೇ ಅರ್ಜಿಯನ್ನು ಎದುರಿನ ಅಂಚೆ ಕಚೇರಿಯಿಂದ ರಿಜಿಸ್ಟರ್ಡ್ ಮಾಡಿ ರಸೀದಿ ತೋರಿಸಿದ ಮೇಲೆ ಅವರೇ ಕರೆದು ಹಾಕಿಕೊಟ್ಟರು. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ದೂರು ಕಳುಹಿಸಿದ್ದೇನೆ. ಪೊಲೀಸ್ ಇಲಾಖೆಯ ಜಾಲತಾಣದಲ್ಲಿ ಎಫ್‌ಐಆರ್ ಸಿಕ್ಕಿತು. ಅದರ ಪ್ರಕಾರ ನಾನು ಹಲ್ಲೆ ಮಾಡಿದ್ದು ಮಧ್ಯಾಹ್ನ ಹನ್ನೆರಡು ಗಂಟೆಗೆ, ಕೆರೆಯ ಬಳಿ; ಆ ದಿನ ಆ ಹೊತ್ತಿನಲ್ಲಿ ನಾನು ಠಾಣೆಯ ಬೆಂಚಿನ ಮೇಲಿದ್ದೆ. ವಕೀಲರು ಇದನ್ನು ಎರಡು ಸಲ ಓದಿ, ನಕ್ಕು, ಮೂರನೆಯ ಸಲ ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ಸಿಸಿಟಿವಿಯ ಬೆಲೆ ನನಗೆ ಆಗ ಅರ್ಥವಾಯಿತು. ನಿರೀಕ್ಷಣಾ ಜಾಮೀನು ಸಿಕ್ಕಿದೆ. ಜಾಮೀನುದಾರರಾಗಿ ನಿಂತವರು ನನ್ನ ಸೋದರಮಾವ ಮತ್ತು, ನಾನು ಎಣಿಸಿಯೇ ಇರಲಿಲ್ಲ, ಹಾಜರಿ ಪಟ್ಟಿಯಲ್ಲಿದ್ದ ಹೆಂಗಸರಲ್ಲೊಬ್ಬರ ಗಂಡ. ಅವರಿಗಿರುವುದು ಒಂದು ಎಕರೆ ಹತ್ತು ಗುಂಟೆ.

ಫೋನು ಇನ್ನೂ ಬಂದಿಲ್ಲ. ಜಪ್ತಿ ಪಂಚನಾಮೆಯನ್ನು ಹಾಜರುಪಡಿಸುವಂತೆ ನ್ಯಾಯಾಲಯ ಠಾಣೆಗೆ ಸೂಚಿಸಿ, ಪ್ರಕರಣವನ್ನು ಮುಂದಿನ ತಿಂಗಳಿಗೆ ಹಾಕಿದೆ.

ಪಟ್ಟಿಯ ಫೋಟೊ ಕಳುಹಿಸಿದ್ದವರು ಮೊನ್ನೆ ಯಾರದೋ ಫೋನಿನಿಂದ ನನ್ನ ಹೆಂಡತಿಗೆ ಕರೆ ಮಾಡಿದ್ದರು. ನನ್ನ ಕ್ಷೇಮ ವಿಚಾರಿಸಲಿಲ್ಲ, ಪ್ರಕರಣದ ವಿಚಾರ ಎತ್ತಲಿಲ್ಲ. "ಅದನ್ನು ತೆರೆದಿದ್ದಾರೆಯೇ?" ಎಂದಷ್ಟೇ ಕೇಳಿದರಂತೆ. ಇಲ್ಲ, ಎಂದಳು. ಮತ್ತೆ ಕರೆ ಬಂದಿಲ್ಲ.